57 ನಿಮಿಷದ ಭಯ

ಕೇಳುಗರಿಗೆಲ್ಲ ನಮಸ್ಕಾರ.

ಮೊನ್ನೆ ನನ್ನ ತಂಗಿಯ ಮಗಳು ಫೋನ್ ಮಾಡಿದ್ದಳು. "ದೊಡ್ಡಮ್ಮಾ, ಇಂಗ್ಲೆಂಡಿನವರದ್ದು ಒಂದು ದೆವ್ವದ ಸಿನಿಮಾ ಇದೆಯಂತೆ. ಲಾಕ್‌ಡೌನ್‌ನಲ್ಲಿ ಮನೇಲೇ ಕೂತು, ದುಡ್ಡೇ ಇಲ್ಲದೆ ಮಾಡಿದ್ದಂತೆ. ನೋಡಬಹುದಾ? ಇಲ್ಲ, ಸುಮ್ನೆ ಟೈಮ್ ವೇಸ್ಟಾ?" ಅಂತ ಕೇಳಿದಳು. ನಾನು ಆ ಸಿನಿಮಾ ನೋಡಿದ್ದೆ. "ನೋಡು" ಅಂತ ಒಂದೇ ಮಾತು ಹೇಳಿ ಫೋನ್ ಇಟ್ಟೆ. ಆಮೇಲೆ ಅಡುಗೆ ಮಾಡುವಾಗಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಯಾಕೆ ನೋಡಬೇಕು ಅಂತ ಅವಳಿಗೆ ಹೇಳಲೇ ಇಲ್ಲವಲ್ಲ ಅನ್ನಿಸಿತು. ಅದನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಸಿನಿಮಾದ ಹೆಸರು 'ಹೋಸ್ಟ್'. 2020ರ ಜುಲೈ ಕೊನೆಯಲ್ಲಿ ಬಂತು. ನಿರ್ದೇಶಕ ರಾಬ್ ಸ್ಯಾವೇಜ್. ಜೆಮ್ಮಾ ಹರ್ಲಿ ಮತ್ತು ಜೆಡ್ ಶೆಫರ್ಡ್ ಅವನ ಜೊತೆ ಸೇರಿ ಕಥೆ ಬರೆದರು. ಕಥೆ ಹೊಳೆದ ದಿನದಿಂದ ಸಿನಿಮಾ ಕೈಗೆ ಕೊಡುವ ದಿನದವರೆಗೆ ಹಿಡಿದದ್ದು ಸುಮಾರು 12 ವಾರ. ಒಂದು ಮದುವೆಗೆ ಛತ್ರ ಹುಡುಕಿ, ಪತ್ರಿಕೆ ಅಚ್ಚು ಹಾಕಿಸಿ ಹಂಚುವುದಕ್ಕೇ ನಮಗೆ ಅಷ್ಟು ದಿನ ಬೇಕು. ಸಿನಿಮಾದ ಉದ್ದ 57 ನಿಮಿಷ. ಸಂಜೆ ಕುಕ್ಕರ್ ಇಟ್ಟು ಕೂತರೆ ಊಟದ ಹೊತ್ತಿಗೆ ಮುಗಿಯುತ್ತದೆ.

ಕಥೆ ಇಷ್ಟೇ. ಬ್ರಿಟನ್ನಿನಲ್ಲಿ ಲಾಕ್‌ಡೌನ್. ಗೆಳತಿಯರು ಬೇರೆ ಬೇರೆ ಮನೆಗಳಲ್ಲಿ ಬಂದಿಗಳು. ವಾರಕ್ಕೊಮ್ಮೆ ಝೂಮ್‌ನಲ್ಲಿ ಸೇರಿ ಹರಟುತ್ತಾರೆ. ಒಂದು ರಾತ್ರಿ ಹೇಲಿ ಅನ್ನುವವಳು ಆತ್ಮಗಳನ್ನು ಕರೆದು ಮಾತಾಡಿಸುವ ಒಬ್ಬ ಹೆಂಗಸನ್ನೂ ಮೀಟಿಂಗಿಗೆ ಕರೆಯುತ್ತಾಳೆ. ನಮ್ಮ ಹಾಸ್ಟೆಲ್‌ಗಳಲ್ಲಿ ಹುಡುಗಿಯರು ಮೇಣದಬತ್ತಿ ಹಚ್ಚಿ, ಕಾಸು ಇಟ್ಟು ಪ್ಲಾಂಚೆಟ್ ಆಡುತ್ತಿದ್ದರಲ್ಲ, ಅದೇ ಇಲ್ಲಿ ಲ್ಯಾಪ್‌ಟಾಪ್ ಮುಂದೆ ನಡೆಯುತ್ತದೆ. ಹುಡುಗಿಯರಿಗೆ ಇದೆಲ್ಲ ತಮಾಷೆ. ಆ ಹೆಂಗಸು 'ಆಸ್ಟ್ರಲ್ ಪ್ಲೇನ್', ಅಂದರೆ ಆತ್ಮಗಳ ಲೋಕ, ಅಂದಾಗಲೆಲ್ಲ ಒಂದು ಗುಟುಕು ಕುಡಿಯಬೇಕು ಅಂತ ಒಳಗೊಳಗೇ ಪಂದ್ಯ ಕಟ್ಟಿಕೊಂಡಿರುತ್ತಾರೆ. ಜೆಮ್ಮಾ ಅನ್ನುವವಳು, ಕಥೆ ಬರೆದ ಜೆಮ್ಮಾ ಅಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಶಾಲೆಯಲ್ಲಿ ತನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗ ಸತ್ತುಹೋಗಿದ್ದ, ಅವನೇ ಬಂದಿದ್ದಾನೆ ಅಂತ ಒಂದು ಸುಳ್ಳು ಕಟ್ಟುತ್ತಾಳೆ. ಅಂಥ ಹುಡುಗ ಇರಲೇ ಇಲ್ಲ. ಇಲ್ಲದವನನ್ನು ಕರೆದರೆ ಆ ಹೆಸರು ಹೊತ್ತುಕೊಂಡು ಬರುವವರು ಯಾರು? ಸಿನಿಮಾ ಶುರುವಾಗುವುದೇ ಅಲ್ಲಿಂದ.

ಹೆಸರಿನ ಬಗ್ಗೆ ಒಂದು ಮಾತು. ಝೂಮ್‌ನಲ್ಲಿ ಮೀಟಿಂಗ್ ಕರೆದವರನ್ನು ಹೋಸ್ಟ್ ಅನ್ನುತ್ತಾರೆ. ಇನ್ನೊಂದು ಜೀವಕ್ಕೆ ತನ್ನ ಮೈಯಲ್ಲಿ ಜಾಗ ಕೊಟ್ಟ ದೇಹಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಎರಡಕ್ಷರದ ಹೆಸರಿನಲ್ಲಿ ಪೂರ್ತಿ ಕಥೆ ಇದೆ.

ಇದು ಹುಟ್ಟಿದ್ದು ಒಂದು ಕುಚೇಷ್ಟೆಯಿಂದ. ಲಾಕ್‌ಡೌನ್ ಶುರುವಾದ ಹೊಸತರಲ್ಲಿ ಸ್ಯಾವೇಜ್ ಗೆಳೆಯರ ಜೊತೆ ವಿಡಿಯೋ ಕಾಲ್‌ನಲ್ಲಿದ್ದ. ಅಟ್ಟದ ಮೇಲೆ ಏನೋ ಸದ್ದಾಗುತ್ತಿದೆ, ನೋಡಿಕೊಂಡು ಬರುತ್ತೇನೆ ಅಂತ ಹೇಳಿ ಮೇಲೆ ಹತ್ತಿದ. ಮೊದಲೇ ಸಿದ್ಧ ಮಾಡಿಟ್ಟ ಒಂದು ಭಯಾನಕ ತುಣುಕನ್ನು ಅಲ್ಲಿ ಸೇರಿಸಿದ್ದ. ಗೆಳೆಯರು ಕಿರುಚಿಕೊಂಡರು. ಆ ವಿಡಿಯೋ ಊರೆಲ್ಲ ಓಡಾಡಿತು. ಇದನ್ನೇ ಸಿನಿಮಾ ಮಾಡಬಹುದಲ್ಲ ಅನ್ನುವ ಮಾತು ಬಂದದ್ದು ಹಾಗೆ. ಆ ಗೆಳತಿಯರ ಗುಂಪಿನವರೇ ಸಿನಿಮಾದ ನಟಿಯರಾದರು. ಅವರ ನಿಜವಾದ ಹೆಸರುಗಳೇ ಪಾತ್ರಗಳಿಗೂ ಉಳಿದವು. ಚಿತ್ರೀಕರಣದ ಅಷ್ಟೂ ದಿನ ನಿರ್ದೇಶಕ ಅವರ ಯಾರ ಮನೆಗೂ ಕಾಲಿಡಲಿಲ್ಲ. ಅವರವರ ಮನೆಯಲ್ಲಿ ಅವರವರೇ ಕ್ಯಾಮೆರಾ ಇಟ್ಟರು, ದೀಪ ಹಚ್ಚಿದರು, ಬಾಗಿಲು ತಾನಾಗಿ ಅಲುಗಾಡುವ ಹಾಗೆ ಮಾಡಿದರು.

ಇಲ್ಲಿ ನನ್ನ ಮನೆಯ ಒಂದು ಸಂಗತಿ ಹೇಳಬೇಕು. ಅದೇ 2020ರಲ್ಲಿ ಶಿವಮೊಗ್ಗದಲ್ಲಿ ನಮ್ಮ ಸೋದರತ್ತೆ ತೀರಿಕೊಂಡರು. ನಾವು ಬೆಂಗಳೂರಿನಲ್ಲಿದ್ದೆವು. ಹೋಗಲಾಗಲಿಲ್ಲ. ವೈಕುಂಠ ಸಮಾರಾಧನೆಯನ್ನು ಫೋನಿನಲ್ಲೇ ನೋಡಿದೆವು. ಪುರೋಹಿತರ ಮಂತ್ರ ತುಂಡು ತುಂಡಾಗಿ ಕೇಳುತ್ತಿತ್ತು. ಅತ್ತೆಯ ಮಗ ಒಮ್ಮೆ ಕ್ಯಾಮೆರಾ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ. ಚಿತ್ರ ಅಲ್ಲೇ ನಿಂತುಬಿಟ್ಟಿತು. ತೆರೆದ ಬಾಯಿ ಹಾಗೇ ಇತ್ತು. ನಾನು ಪರದೆ ಮುಟ್ಟಿ ಮುಟ್ಟಿ ನೋಡಿದೆ. ಮನುಷ್ಯರು ಕಣ್ಣಿಗೆ ಕಾಣುತ್ತಾರೆ, ಕೈಗೆ ಸಿಗುವುದಿಲ್ಲ. ಆ ವರ್ಷದ ಸಂಕಟವೇ ಅದಾಗಿತ್ತು ಅಲ್ವಾ?

'ಹೋಸ್ಟ್' ನನ್ನನ್ನು ಹಿಡಿದು ಕೂರಿಸಿದ್ದು ಅದಕ್ಕೇ. ಅದರಲ್ಲಿ ದೆವ್ವಕ್ಕಿಂತ ಜಾಸ್ತಿ ಹೆದರಿಸುವುದು ಝೂಮ್‌ನಲ್ಲಿ ಒಬ್ಬೊಬ್ಬರ ಮುಖ ಕಾಣುವ ಆ ಚೌಕಗಳು. ಒಬ್ಬಳ ಬೆನ್ನ ಹಿಂದೆ ಏನೋ ಅಲುಗಾಡುತ್ತದೆ. ಅವಳಿಗೆ ಕಾಣುವುದಿಲ್ಲ, ಉಳಿದ ಎಲ್ಲರಿಗೂ ಕಾಣುತ್ತದೆ. ಕೂಗುತ್ತಾರೆ, ಅಳುತ್ತಾರೆ. ಆದರೆ ಅವಳ ಕೈ ಹಿಡಿದು ಎಳೆಯಲು ಆ ಕೋಣೆಯಲ್ಲಿ ಯಾರೂ ಇಲ್ಲ.

ಒಂದು ದೃಶ್ಯ ಹೇಳುತ್ತೇನೆ. ಕ್ಯಾರೋಲಿನ್ ಅನ್ನುವವಳು ಮೊದಲಲ್ಲೇ ಎಲ್ಲರಿಗೂ ಒಂದು ಚಮತ್ಕಾರ ತೋರಿಸುತ್ತಾಳೆ. ಝೂಮ್‌ನಲ್ಲಿ ನಮ್ಮ ಹಿಂದೆ ಬೇಕಾದ ಚಿತ್ರ ಹಾಕಿಕೊಳ್ಳಬಹುದಲ್ಲ. ಕೆಲವರು ಸಮುದ್ರ ಹಾಕುತ್ತಿದ್ದರು, ಕೆಲವರು ಪುಸ್ತಕದ ಕಪಾಟು ಹಾಕುತ್ತಿದ್ದರು. ಇವಳು ತಾನೇ ತನ್ನ ಕೋಣೆಗೆ ನಡೆದು ಬರುವ ವಿಡಿಯೋ ಹಾಕಿಕೊಂಡಿರುತ್ತಾಳೆ. ಕ್ಯಾಮೆರಾ ಮುಂದೆ ಒಬ್ಬಳು ಕ್ಯಾರೋಲಿನ್ ಕೂತಿದ್ದಾಳೆ, ಹಿಂದಿನ ಬಾಗಿಲಿನಿಂದ ಇನ್ನೊಬ್ಬಳು ಕ್ಯಾರೋಲಿನ್ ಬರುತ್ತಾಳೆ. ಗೆಳತಿಯರೆಲ್ಲ ನಗುತ್ತಾರೆ. ನಾವೂ ನಕ್ಕು ಮರೆತುಬಿಡುತ್ತೇವೆ. ಗಲಾಟೆ ಶುರುವಾದ ಮೇಲೆ ಅವಳ ಚೌಕದಲ್ಲಿ ಆ ವಿಡಿಯೋ ಮಾತ್ರ ಓಡುತ್ತಿರುತ್ತದೆ. ಅವಳು ಬರುತ್ತಾಳೆ, ನೋಡುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ನೋಡುತ್ತಾಳೆ. ಕುರ್ಚಿಯಲ್ಲಿ ಇರಬೇಕಾದವಳು ಇಲ್ಲ. ಆ ನಗುಮುಖದ ವಿಡಿಯೋದ ಈಚೆ ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತಿದೆ? ನಮಗೆ ಕಾಣುವುದಿಲ್ಲ. ನಾನು ಅಲ್ಲಿ ಸಿನಿಮಾ ನಿಲ್ಲಿಸಿ, ಎದ್ದು ಹೋಗಿ ಹಾಲ್‌ನ ಲೈಟ್ ಹಾಕಿಕೊಂಡು ಬಂದೆ. ಮುಂದಿನದನ್ನು ನೀವೇ ನೋಡಿ.

ಈ ದೃಶ್ಯಕ್ಕೆ ಖರ್ಚೆಷ್ಟು? ಒಂದು ಕೋಣೆ, ಒಬ್ಬ ಹುಡುಗಿ, ಎಲ್ಲರ ಕಂಪ್ಯೂಟರಿನಲ್ಲೂ ಪುಕ್ಕಟೆ ಸಿಗುವ ಒಂದು ಸೌಲಭ್ಯ. ಇನ್ನೊಂದು ಕಡೆ ಎಮ್ಮಾ ಅನ್ನುವವಳು ನೆಲದ ಮೇಲೆ ಹಿಟ್ಟು ಚೆಲ್ಲುತ್ತಾಳೆ. ಹಿಟ್ಟಿನಲ್ಲಿ ಹೆಜ್ಜೆ ಮೂಡುತ್ತದೆ. ಮುಖಕ್ಕೆ ಮುಖವಾಡ ಅಂಟಿಸುವ ಫಿಲ್ಟರ್ ಇರುತ್ತದಲ್ಲ, ನಾಯಿಮರಿ ಕಿವಿ, ಕನ್ನಡಕ, ಅಂಥದ್ದು. ಅದು ಮುಖ ಕಂಡರೆ ಮಾತ್ರ ಅಂಟಿಕೊಳ್ಳುತ್ತದೆ. ಇಲ್ಲಿ ಅದು ಖಾಲಿ ಜಾಗದಲ್ಲಿ ಹೋಗಿ ಅಂಟಿಕೊಳ್ಳುತ್ತದೆ. ಹಿಟ್ಟಿನ ಡಬ್ಬ, ಫೋನಿನ ಫಿಲ್ಟರ್, ಇಷ್ಟೇ ಸಾಮಾನು. ಪುಕ್ಕಟೆ ಝೂಮ್ ಮೀಟಿಂಗ್ 40 ನಿಮಿಷಕ್ಕೆ ಕಟ್ ಆಗುತ್ತಿತ್ತಲ್ಲ, ಆ ಗಡುವನ್ನೂ ಬಿಟ್ಟಿಲ್ಲ. ಇನ್ನು ಇಷ್ಟೇ ನಿಮಿಷ ಬಾಕಿ ಅಂತ ಪರದೆಯ ಮೇಲೆ ಬಂದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಂತ ಕಡಿಮೆ ದುಡ್ಡಿನ ಸಿನಿಮಾ ಎಲ್ಲ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಅದೇ ಬ್ರಿಟನ್ನಿನಲ್ಲಿ ಮಾರ್ಕ್ ಪ್ರೈಸ್ ಅನ್ನುವವರು 'ಕಾಲಿನ್' ಅಂತ ಒಂದು ಸಿನಿಮಾ ಮಾಡಿದರು. 2009ರಲ್ಲಿ ಕಾನ್ ಚಿತ್ರೋತ್ಸವದ ಮಾರುಕಟ್ಟೆಗೂ ಹೋಗಿ ಸುದ್ದಿ ಮಾಡಿತು. ಖರ್ಚು 45 ಪೌಂಡ್ ಅಂತ ಹೇಳಿಕೊಂಡರು. ಸತ್ತು ಎದ್ದವನ ಬೆನ್ನು ಹತ್ತಿಯೇ ಇಡೀ ಕಥೆ ನಡೆಯುತ್ತದೆ. ಅವನು ಅಂದರೆ ಭಯವಾಗುವ ಬದಲು ಪಾಪ ಅನ್ನಿಸುತ್ತದೆ. ಆ ಯೋಚನೆ ನನಗೆ ತುಂಬಾ ಇಷ್ಟ. ಆದರೆ ಒಂದೂವರೆ ಗಂಟೆಗೂ ಮೀರಿ ಎಳೆಯುತ್ತದೆ. ಕತ್ತಲಲ್ಲಿ ಯಾರು ಯಾರನ್ನು ಕಚ್ಚಿದರು ಅಂತಲೇ ಗೊತ್ತಾಗುವುದಿಲ್ಲ. ಮಾಡಿದವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಸಂಜೆ ಹೊತ್ತು ಬಿಡುವು ಮಾಡಿಕೊಂಡು ನೋಡಿ ಅಂತ ನಿಮಗೆ ಹೇಳಲಾರೆ. ಅಲ್ಲಿ ದುಡ್ಡಿಲ್ಲದ್ದು ಕಣ್ಣಿಗೆ ಹೊಡೆಯುತ್ತದೆ. 'ಹೋಸ್ಟ್'ನಲ್ಲಿ ದುಡ್ಡು ಎಲ್ಲಿ ಬೇಕಿತ್ತು ಅಂತ ಹುಡುಕಿದರೂ ಸಿಗುವುದಿಲ್ಲ.

ಇದ್ದುದರಲ್ಲೇ ಹೆದರಿಸುವ ವಿದ್ಯೆ ಬ್ರಿಟಿಷರಿಗೆ ಹಳೆಯದು. ಹ್ಯಾಮರ್ ಅನ್ನುವ ಕಂಪನಿ ಥೇಮ್ಸ್ ನದಿಯ ದಂಡೆಯಲ್ಲಿ, ಬ್ರೇ ಅನ್ನುವ ಊರಿನ ಹತ್ತಿರ ಒಂದು ಹಳೆಯ ಬಂಗಲೆ ಹಿಡಿದುಕೊಂಡಿತ್ತು. ಅದೇ ಸ್ಟುಡಿಯೋ. 1957, 1958ರಲ್ಲಿ ಪೀಟರ್ ಕುಶಿಂಗ್, ಕ್ರಿಸ್ಟೋಫರ್ ಲೀ ಇಬ್ಬರನ್ನೂ ಹಾಕಿಕೊಂಡು ಫ್ರಾಂಕೆನ್‌ಸ್ಟೈನ್, ಡ್ರಾಕುಲಾ ಕಥೆಗಳನ್ನು ಮಾಡಿದರು. ಲೋಕವೆಲ್ಲ ನೋಡಿತು. 1966ರಲ್ಲಿ ಬಂದ ಅವರ ಎರಡು ಸಿನಿಮಾಗಳಿಗೆ ಒಂದೇ ಹಳ್ಳಿಯ ಸೆಟ್. ಒಂದರಲ್ಲಿ ಸತ್ತವರು ಗೋರಿಯಿಂದ ಎದ್ದು ಬರುತ್ತಾರೆ, ಇನ್ನೊಂದರಲ್ಲಿ ಹಾವಾಗುವ ಹೆಣ್ಣು. ಸುಣ್ಣ ಬಳಿದು, ಬೋರ್ಡು ಬದಲಿಸಿ ಸಂಸಾರ ತೂಗಿಸಿದರು.

ಆಕಾಶವಾಣಿಯಲ್ಲಿ ಕೂತು ಮಾತಾಡುವಾಗ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. 1992ರ ಅಕ್ಟೋಬರ್ 31, ಶನಿವಾರ ರಾತ್ರಿ. ಬಿಬಿಸಿ ಟೀವಿಯಲ್ಲಿ 'ಘೋಸ್ಟ್‌ವಾಚ್' ಅಂತ ಒಂದು ಕಾರ್ಯಕ್ರಮ ಬಂತು. ಲಂಡನ್ನಿನ ಒಂದು ಸಾಧಾರಣ ಮನೆ. ತಾಯಿ, ಇಬ್ಬರು ಹೆಣ್ಣುಮಕ್ಕಳು. ಮನೆಯಲ್ಲಿ ದೆವ್ವ ಇದೆಯಾ ಅಂತ ನೇರ ಪ್ರಸಾರದಲ್ಲೇ ಪರೀಕ್ಷೆ ಮಾಡುವ ಹಾಗೆ ತೋರಿಸಿದರು. ನಡೆಸಿಕೊಟ್ಟವರು ಮೈಕೆಲ್ ಪಾರ್ಕಿನ್ಸನ್. ದೇಶಕ್ಕೆಲ್ಲ ಗೊತ್ತಿದ್ದ, ನಂಬಿಕೆಯ ಮುಖ. ಅದು ಸ್ಟೀಫನ್ ವೋಕ್ ಬರೆದ ಕಥೆ, ಮೊದಲೇ ಚಿತ್ರೀಕರಿಸಿ ಇಟ್ಟದ್ದು. ಆದರೂ ಎಷ್ಟೋ ಜನ ನಿಜ ಅಂತಲೇ ನಂಬಿದರು. ಬಿಬಿಸಿಗೆ ಫೋನಿನ ಮೇಲೆ ಫೋನು. ಕಾರ್ಯಕ್ರಮದಲ್ಲಿ ದೆವ್ವ ಪರದೆಯ ಮೂಲೆಗಳಲ್ಲಿ ಹಲವು ಸಲ ನಿಂತಿರುತ್ತದೆ. ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ನಾನು ಈಗ ನೋಡಿದ್ದು ಏನು ಅಂತ ಕಣ್ಣುಜ್ಜಿಕೊಳ್ಳಬೇಕು. ಬಿಬಿಸಿ ಅದನ್ನು ಮತ್ತೆ ಪ್ರಸಾರ ಮಾಡಲಿಲ್ಲ. ಮನೆಯ ಟೀವಿಯನ್ನೇ ದೆವ್ವದ ಮನೆ ಮಾಡಿದ ಆ ಬುದ್ಧಿ 28 ವರ್ಷದ ಮೇಲೆ ಲ್ಯಾಪ್‌ಟಾಪಿಗೆ ಬಂದು ಕೂತಿದೆ.

'ಹೋಸ್ಟ್'ನಲ್ಲಿ ಕುಂದಿಲ್ಲವೇ? ಇದೆ. ಮೊದಲ ಹತ್ತು ನಿಮಿಷ ಬರೀ ಹರಟೆ. ಎದ್ದು ಹೋಗಬೇಡಿ, ಆ ಹರಟೆಯಲ್ಲೇ ಮುಂದಿನದರ ಬೀಜ ಇದೆ. ರಡೀನಾ ಅನ್ನುವವಳಿಗೂ ಅವಳ ಜೊತೆಗಾರನಿಗೂ ಮನಸ್ತಾಪ ಅಂತ ತೋರಿಸುತ್ತಾರೆ, ಅದನ್ನು ಅಲ್ಲಿಗೇ ಕೈಬಿಡುತ್ತಾರೆ. ನನಗೆ ಅದು ಬೇಸರವಾಯಿತು. ಟೆಡ್ಡಿ ಅನ್ನುವ ಹುಡುಗ ನಡುವೆ ಬಂದು ಹೋಗುತ್ತಾನೆ, ಅವನ ಗುರುತು ನಿಲ್ಲುವುದಿಲ್ಲ. ಧಡ್ ಅಂತ ಬೆಚ್ಚಿಬೀಳಿಸುವ ಸದ್ದು ಕೊನೆ ಕೊನೆಗೆ ಜಾಸ್ತಿಯಾಯಿತು. ಕೊಟ್ಟಕೊನೆಯ ಸದ್ದು ಇಲ್ಲದಿದ್ದರೆ ಸಿನಿಮಾ ಇನ್ನೂ ಮನಸ್ಸಿನಲ್ಲಿ ಉಳಿಯುತ್ತಿತ್ತು ಅಂತ ನನಗನ್ನಿಸುತ್ತದೆ.

ಮಕ್ಕಳಿಗೆ ತೋರಿಸಬೇಡಿ. ಜೆಮ್ಮಾ ಕಟ್ಟುವ ಸುಳ್ಳಿನಲ್ಲಿ ಆತ್ಮಹತ್ಯೆಯ ಮಾತಿದೆ, ಆ ಚಿತ್ರ ಮುಂದೆಯೂ ಬರುತ್ತದೆ. ಮನೆಯಲ್ಲಿ ಅಂಥ ನೋವು ಉಂಡವರಿದ್ದರೆ ಇದನ್ನು ಬಿಟ್ಟುಬಿಡಿ. ಎದೆಯ ತೊಂದರೆ ಇರುವವರಿಗೂ ಬೇಡ.

ಉಳಿದವರು ನೋಡಿ. ಆದರೆ ದೊಡ್ಡ ಟೀವಿಯಲ್ಲಿ, ನಾಲ್ಕು ಜನ ಚುರುಮುರಿ ತಿನ್ನುತ್ತಾ ನೋಡಿದರೆ ಅರ್ಧ ಹೋಗಿಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ನೋಡಿ. ನೀವು ಆಫೀಸಿನ ಮೀಟಿಂಗಿಗೆ ಕೂರುವ ಅದೇ ಮೇಜು, ಅದೇ ಕುರ್ಚಿ. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ. ಅವರ ಇಂಗ್ಲಿಷು ಚುರುಕು, ಅದಕ್ಕೆ ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೊಳ್ಳಿ. ಕೊನೆಯಲ್ಲಿ ಹೆಸರುಗಳು ಬರುವಾಗ ಬಂದ್ ಮಾಡಬೇಡಿ. ಸಿನಿಮಾ ಮಾಡಿದವರ ಹೆಸರುಗಳು ಝೂಮ್ ಮೀಟಿಂಗಿಗೆ ಬಂದವರ ಪಟ್ಟಿಯ ಹಾಗೆ ಬರುತ್ತವೆ. ನೋಡಲು ಚೆಂದ.

ನನ್ನ ತಂಗಿಯ ಮಗಳಿಗೆ ಹೇಳಲು ಇನ್ನೊಂದು ಬಾಕಿ ಇದೆ. ಸಿನಿಮಾ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಜೆಮ್ಮಾ ಎದ್ದು ನಿಲ್ಲುತ್ತಾಳೆ. ಸುಳ್ಳು ಹೇಳಿ ಇದನ್ನೆಲ್ಲ ಮೈಮೇಲೆ ಎಳೆದುಕೊಂಡವಳು ಅವಳೇ. ಹೇಲಿಯ ಚೌಕದಲ್ಲಿ ಏನಾಗುತ್ತಿದೆ ಅಂತ ಅವಳಿಗೆ ಕಾಣುತ್ತಿದೆ. ಅವಳು ಇನ್ನು ಪರದೆ ನೋಡುತ್ತಾ ಕೂರುವುದಿಲ್ಲ. ಮುಖಕ್ಕೆ ಮಾಸ್ಕ್ ಹಾಕಿಕೊಂಡು ರಾತ್ರಿಯಲ್ಲಿ, ಖಾಲಿ ಬೀದಿಯಲ್ಲಿ ಓಡುತ್ತಾಳೆ. ಹೇಲಿಯ ಮನೆಯೊಳಗೆ ನುಗ್ಗುತ್ತಾಳೆ. ಇಡೀ ಸಿನಿಮಾದಲ್ಲಿ ಚೌಕಗಳಲ್ಲೇ ಸಿಕ್ಕಿದ್ದ ಇಬ್ಬರು ಗೆಳತಿಯರು ಕೊನೆಗೂ ಎದುರುಬದುರು ನಿಲ್ಲುತ್ತಾರೆ. ಅಪ್ಪಿಕೊಳ್ಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅಷ್ಟು ಕತ್ತಲಲ್ಲಿ, ಅಷ್ಟು ಭಯದಲ್ಲಿ, ಮನೆಯೊಳಗೆ ಅದು ಇನ್ನೂ ಇರುವಾಗ, ಅವರು ಒಬ್ಬರ ಮೊಣಕೈಗೆ ಇನ್ನೊಬ್ಬರ ಮೊಣಕೈ ತಾಗಿಸುತ್ತಾರೆ.

ನಮಸ್ಕಾರ.