ಕೆರೆಯ ಏರಿ ಹಿಡಿದು ಲಂಕೆಗೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಶ್ರೀಲಂಕಾಕ್ಕೆ ಹೋಗಿಬಂದೆ ಎಂದೊಡನೆ ಬೆಂಗಳೂರಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ "ಸಮುದ್ರ ಹೇಗಿತ್ತು?" ಎಂಬುದು. ಸಮುದ್ರವನ್ನು ನಾನು ನೋಡಿದ್ದು ಕೊನೆಯ ದಿನ, ಕೊಲಂಬೊದಲ್ಲಿ, ವಿಮಾನ ನಿಲ್ದಾಣದ ದಾರಿ ಹಿಡಿಯುವ ಮುನ್ನ ಅರ್ಧ ಗಂಟೆ. ಉಳಿದ ಒಂಬತ್ತು ದಿನಗಳಲ್ಲಿ ಹೆಚ್ಚಿನವನ್ನು ಕೆರೆಗಳ ಏರಿಯ ಮೇಲೆ ಕಳೆದೆ. ಕೆರೆ ನೋಡುವುದಕ್ಕೆ ವಿಮಾನ ಹತ್ತಿ ಹೋಗಬೇಕೇ ಎಂದು ಮನೆಯಲ್ಲೂ ಕೇಳಿದರು. ಹೋಗಬೇಕು. ಯಾಕೆ ಎಂದು ಹೇಳುವುದಕ್ಕೇ ಇವತ್ತು ನಿಮ್ಮೊಡನೆ ಮಾತಿಗೆ ಕುಳಿತಿದ್ದೇನೆ.

ನನ್ನ ತಾತ ಕೋಲಾರ ಸೀಮೆಯ ಒಂದು ಹಳ್ಳಿಯಲ್ಲಿ ನೀರಗಂಟಿಯಾಗಿದ್ದರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಕೆಲಸ. ನಮ್ಮ ಕಡೆಯ ತೂಬನ್ನು ನೀವು ನೋಡಿರುತ್ತೀರಿ. ನೀರಿನ ನಡುವೆ ಎರಡು ಕಲ್ಲುಕಂಬ, ಅವುಗಳಿಗೆ ಅಡ್ಡಲಾಗಿ ತೂತು ಕೊರೆದ ಚಪ್ಪಡಿ, ಆ ತೂತಿನೊಳಗೆ ಇಳಿಬಿಟ್ಟ ಮರದ ಗಳು. ಗಳು ಎತ್ತಿದರೆ ತಳದ ಕಿಂಡಿ ತೆರೆಯುತ್ತದೆ. ತಾತ ಕೊರಳುಮಟ್ಟದ ನೀರಿನಲ್ಲಿ ನಿಂತು, ಕಾಲಿಗೆ ಸಿಗುವ ಸೆಳೆತವನ್ನು ನೋಡಿ, ಎಷ್ಟು ಗೇಣು ಎತ್ತಬೇಕೆಂದು ನಿಶ್ಚಯಿಸುತ್ತಿದ್ದರು. ಆ ಕೆರೆಯಲ್ಲಿ ಈಗ ಜಾಲಿ ಬೆಳೆದಿದೆ. ನಾನು ಬೆಂಗಳೂರಿಗೆ ಬಂದ ಮೇಲೆ ವರ್ಷಗಟ್ಟಲೆ ಬಸ್ಸು ಹತ್ತಿದ ಮೆಜೆಸ್ಟಿಕ್ ಕೂಡ ಧರ್ಮಾಂಬುಧಿ ಕೆರೆಯ ಅಂಗಳವೇ. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಮೇಲೆ. ಹೀಗಿರುವಾಗ, ಎರಡು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ಕೆರೆಯಲ್ಲಿ ಇವತ್ತಿಗೂ ನೀರು ನಿಲ್ಲುತ್ತದೆ ಎಂದು ಕೇಳಿದ ಮೇಲೆ ಹೋಗಿ ನೋಡದೆ ಇರುವುದು ಹೇಗೆ?

ಕೊಲಂಬೊಗೆ ನಮ್ಮೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ನಾನು ಹೋದದ್ದು ಆಗಸ್ಟ್ ತಿಂಗಳಲ್ಲಿ. ನಮ್ಮಲ್ಲಿ ಜಿಟಿಜಿಟಿ ಮಳೆ, ಅನುರಾಧಪುರದಲ್ಲಿ ನೆತ್ತಿ ಸುಡುವ ಬಿಸಿಲು. ಆಗುಂಬೆಯಲ್ಲಿ ಮಳೆ ಹೊಯ್ಯುವಾಗ ಚಿತ್ರದುರ್ಗದಲ್ಲಿ ಧೂಳು ಏಳುತ್ತದಲ್ಲ, ಅದೇ ಲೆಕ್ಕ. ನೈಋತ್ಯ ಮುಂಗಾರು ತನ್ನ ನೀರನ್ನೆಲ್ಲ ದ್ವೀಪದ ನೈಋತ್ಯ ಕರಾವಳಿಗೂ ನಡುವಿನ ಬೆಟ್ಟಗಳಿಗೂ ಸುರಿದು ಮುಗಿಸುತ್ತದೆ. ಉತ್ತರದ ಬಯಲು ಅಕ್ಟೋಬರಿನಿಂದ ಜನವರಿಯವರೆಗಿನ ಮಳೆಯನ್ನೇ ನಂಬಿಕೊಂಡಿರಬೇಕು. ಆ ಮೂರು ನಾಲ್ಕು ತಿಂಗಳ ನೀರನ್ನು ಹಿಡಿದಿಟ್ಟರೆ ವರ್ಷದ ಊಟ, ಬಿಟ್ಟರೆ ಹಸಿವು. ಲಂಕೆಯ ಹಳೆಯ ರಾಜಧಾನಿಗಳಾದ ಅನುರಾಧಪುರ ಮತ್ತು ಪೊಲೊನ್ನರುವ ಎರಡೂ ಈ ಒಣ ಸೀಮೆಯಲ್ಲೇ ಬೆಳೆದವು. ಅಲ್ಲಿನ ಸ್ತೂಪ, ಅರಮನೆ, ಶಿಲ್ಪ ಎಲ್ಲದರ ಹಿಂದೆಯೂ ಕೆರೆ ಇದೆ. ಕೆರೆ ನೋಡದೆ ಅವುಗಳನ್ನಷ್ಟೇ ನೋಡಿ ಬಂದರೆ ಅಡುಗೆಮನೆಗೆ ಕಾಲಿಡದೆ ಮದುವೆ ಊಟ ಉಂಡು ಬಂದ ಹಾಗೆ.

ಕೆರೆಗೆ ಸಿಂಹಳದಲ್ಲಿ 'ವೆವ' ಎನ್ನುತ್ತಾರೆ. ಮೂಲ 'ವಾಪಿ'. ನಮ್ಮ 'ಬಾವಿ'ಯೂ ಅದೇ ಮಾತಿನಿಂದ ಬಂದದ್ದು. ಇನ್ನು ಅವರ ಲಿಪಿ! ಬಸ್ಸಿನ ಹಲಗೆಯನ್ನು ದೂರದಿಂದ ನೋಡಿದಾಗ ಕನ್ನಡವೇ ಬರುತ್ತಿದೆ ಎಂದು ಎದ್ದು ನಿಂತೆ. ಅದೇ ದುಂಡು, ಅದೇ ಕೊಂಬು. ಹತ್ತಿರ ಬಂದಾಗ ಒಂದಕ್ಷರವೂ ಓದಲಾಗಲಿಲ್ಲ. ಓಲೆಗರಿಯ ಮೇಲೆ ಕಂಟದಿಂದ ಅಡ್ಡಗೆರೆ ಎಳೆದರೆ ಗರಿ ಸೀಳುತ್ತದೆ. ಹಾಗಾಗಿ ನಮ್ಮಂತೆ ಅವರೂ ಅಕ್ಷರವನ್ನು ಸುತ್ತಿ ಸುತ್ತಿ ಬರೆದವರು.

ಅನುರಾಧಪುರದಲ್ಲಿ ಜನ ಸಾಲುಗಟ್ಟಿ ಹೋಗುವುದು ಜಯ ಶ್ರೀ ಮಹಾಬೋಧಿಯ ಬಳಿಗೆ. ಬುದ್ಧಗಯೆಯ ಅರಳಿಮರದ ಕೊಂಬೆಯನ್ನು ಅಶೋಕನ ಮಗಳು ಸಂಘಮಿತ್ರೆ ತಂದಳು, ದೇವಾನಾಂಪ್ರಿಯ ತಿಸ್ಸ ಎಂಬ ರಾಜ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ನೆಡಿಸಿದ ಎಂಬುದು ಅಲ್ಲಿನ ಪರಂಪರೆ. ಮರ ಈಗಲೂ ಇದೆ. ಮುದಿ ಕೊಂಬೆಗಳಿಗೆ ಬಂಗಾರದ ಬಣ್ಣದ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಬಿಳಿ ಬಟ್ಟೆ ತೊಟ್ಟ ಹೆಂಗಸರು ನೈದಿಲೆ ಹಿಡಿದು ಮರಳಿನ ಮೇಲೆ ಸುಮ್ಮನೆ ಕುಳಿತಿದ್ದರು. ನಾನು ಒಂದು ಗಂಟೆ ಕುಳಿತೆ. ಆಮೇಲೆ ಅದೇ ತಿಸ್ಸ ರಾಜ ಕಟ್ಟಿಸಿದ ತಿಸಾ ವೆವದ ಏರಿಗೆ ನಡೆದೆ. ಮರ ಮತ್ತು ಕೆರೆ, ಎರಡೂ ಒಬ್ಬನೇ ದೊರೆಯ ಕಾಲದವು, ಎರಡೂ ಇನ್ನೂ ಜೀವಂತ. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇಟ್ಟುಕೊಂಡ ನಾಡಿನವನಾದ ನನಗೆ ಅಲ್ಲಿ ಪರಕೀಯ ಎನ್ನಿಸಲೇ ಇಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ಕೆರೆಗೆ ಬರುತ್ತೇನೆ. ಅದು ಕಲಾ ವೆವ. 5ನೇ ಶತಮಾನದಲ್ಲಿ ಧಾತುಸೇನ ಎಂಬ ರಾಜ ಕಟ್ಟಿಸಿದ್ದು. ಅಲ್ಲಿಂದ ಅನುರಾಧಪುರಕ್ಕೆ ನೀರು ಒಯ್ಯುವ ಕಾಲುವೆಯ ಉದ್ದ ಸುಮಾರು 87 ಕಿಲೋಮೀಟರ್. ಹೆಸರು ಯೋಧ ಎಲ, ಅಂದರೆ ದೈತ್ಯ ಕಾಲುವೆ. ಅದರ ಮೊದಲ 17 ಮೈಲಿಗಳಲ್ಲಿ ಇಳಿಜಾರು ಮೈಲಿಗೆ ಆರೇ ಅಂಗುಲ. ಒಂದು ಮೈಲಿ ನಡೆದರೆ ಒಂದು ಗೇಣಿಗಿಂತ ಕಡಿಮೆ ಇಳಿತ! ಇಂದಿನ ಉಪಕರಣಗಳಿಲ್ಲದೆ ಆ ಮಟ್ಟವನ್ನು ಕಣ್ಣಿಗೋ ನೀರಿಗೋ ಒಪ್ಪಿಸಿ ಅಗೆದವರು ಯಾರೋ, ಅವರ ಹೆಸರುಗಳು ಉಳಿದಿಲ್ಲ. ನಾನು ಕಾಲುವೆಯ ದಂಡೆಯಲ್ಲಿ ಬಗ್ಗಿ ಒಂದು ಒಣ ಎಲೆಯನ್ನು ಬಿಟ್ಟು ನೋಡಿದೆ. ಎಲೆ ಅವಸರವಿಲ್ಲದೆ, ಎಲ್ಲೂ ನಿಲ್ಲದೆ ಸಾಗಿತು. ಹೊಳೆಮತ್ತಿ ಮರಗಳ ನೆರಳಿನಲ್ಲಿ ನಾನು ಅದರ ಜೊತೆಗೇ ನಡೆದೆ.

ಧಾತುಸೇನನ ಕಥೆಯನ್ನು ಲಂಕೆಯ ಹಳೆಯ ಚರಿತ್ರೆ ಚೂಳವಂಸ ಹೇಳುತ್ತದೆ. ಮಗ ಕಾಶ್ಯಪ ತಂದೆಯನ್ನು ಸೆರೆಯಲ್ಲಿಟ್ಟು ಬಚ್ಚಿಟ್ಟ ನಿಧಿಯನ್ನು ತೋರಿಸು ಎಂದು ಪೀಡಿಸಿದ. ಕಲಾ ವೆವಕ್ಕೆ ಕರೆದುಕೊಂಡು ಹೋದರೆ ತೋರಿಸುತ್ತೇನೆ ಎಂದ ತಂದೆ. ಕರೆದುಕೊಂಡು ಹೋದರು. ಮುದುಕ ಕೆರೆಗೆ ಇಳಿದು ಮಿಂದ, ಅಂಗೈಯಲ್ಲಿ ನೀರು ಎತ್ತಿ ಹಿಡಿದ, ನನ್ನ ಬಳಿ ಇರುವ ಐಶ್ವರ್ಯ ಇಷ್ಟೇ ಎಂದ. ಅದಕ್ಕಾಗಿ ಅವನನ್ನು ಜೀವಂತ ಗೋಡೆಯೊಳಗೆ ಮುಚ್ಚಿದರಂತೆ. ಏರಿಯ ಮೇಲೆ ನಿಂತು ಈ ಕಥೆಯನ್ನು ನೆನೆಯುವಾಗ ನನಗೆ ಕಂಡದ್ದು ಕೊರಳುಮಟ್ಟದ ನೀರಿನಲ್ಲಿ ನಿಂತ ನನ್ನ ತಾತ.

ಆ ಕಾಶ್ಯಪನೇ ಮಲತಮ್ಮನ ಸೇಡಿಗೆ ಹೆದರಿ ಸಿಗಿರಿಯ ಬಂಡೆಯ ನೆತ್ತಿಗೆ ಅರಮನೆಯನ್ನು ಒಯ್ದವನು. ಸುಮಾರು 1,200 ಮೆಟ್ಟಿಲು. ಬೆಳಗ್ಗೆ ಏಳಕ್ಕೇ ಹತ್ತಲು ಆರಂಭಿಸಿ, ಹತ್ತರ ಬಿಸಿಲು ಬಂಡೆಯನ್ನು ಕಾಯಿಸಿಬಿಡುತ್ತದೆ. ಗೋಡೆಯ ಮೇಲಿನ ಅಪ್ಸರೆಯರ ಚಿತ್ರಗಳು ಜಗತ್ತಿಗೇ ಗೊತ್ತು, ನಾನು ಅದನ್ನು ವರ್ಣಿಸಲಾರೆ, ನೀವೇ ನೋಡಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಪಕ್ಕದ ಕನ್ನಡಿ ಗೋಡೆ. ನುಣ್ಣಗೆ ಗಾರೆ ಬಳಿದ ಆ ಗೋಡೆಯ ಮೇಲೆ 6ರಿಂದ 14ನೇ ಶತಮಾನದವರೆಗೆ ಬಂದ ಯಾತ್ರಿಕರು ಸಿಂಹಳದಲ್ಲಿ ಪದ್ಯ ಗೀಚಿ ಹೋಗಿದ್ದಾರೆ. ಅವುಗಳಲ್ಲಿ 685 ಪದ್ಯಗಳನ್ನು ಸೇನರತ್ ಪರಣವಿತಾನ ಎಂಬ ವಿದ್ವಾಂಸರು ಓದಿ 1956ರಲ್ಲಿ ಪ್ರಕಟಿಸಿದರು. ಕೂದಲೆಳೆಯಷ್ಟು ಸಣ್ಣ ಅಕ್ಷರ. ಮುಖ ಹತ್ತಿರ ಒಯ್ದು ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತದೆ. ಇಂದು ಯಾರಾದರೂ ಅಲ್ಲಿ ಗೀಚಿದರೆ ಅಪರಾಧ. ದಯವಿಟ್ಟು ಮುಟ್ಟಲೂ ಬೇಡಿ.

ಬಂಡೆಯಿಂದ ಇಳಿದವರು ಕೆಳಗಿನ ಉದ್ಯಾನವನ್ನು ಅವಸರದಲ್ಲಿ ದಾಟಿ ಹೋಗುವುದನ್ನು ನೋಡಿದೆ, ಬೇಸರವಾಯಿತು. ನೆಲದೊಳಗಿನ ಕೊಳವೆ, ತೂತು ಕೊರೆದ ಕಲ್ಲುಫಲಕ, ಇಷ್ಟರಿಂದಲೇ ಚಿಮ್ಮುವ ಕಾರಂಜಿಗಳು ಅಲ್ಲಿವೆ. ಒಳ್ಳೆಯ ಮಳೆಯಾದಾಗ ಒಂದೂವರೆ ಸಾವಿರ ವರ್ಷದ ಆ ಕಾರಂಜಿಗಳು ಈಗಲೂ ಚಿಮ್ಮುತ್ತವೆ. ತಂದೆಯ ಕೆರೆಯನ್ನು ಹೀಯಾಳಿಸಿದ ಮಗನಿಗೂ ನೀರಿನ ವಿದ್ಯೆ ಬೇಕೇ ಬೇಕಾಗಿತ್ತು.

ಆ ವಿದ್ಯೆಯ ಹೃದಯವೆಂದರೆ 'ಬಿಸೋಕೊಟುವ'. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೆರೆ ದೊಡ್ಡದಾದಷ್ಟೂ ತಳದ ನೀರಿನ ಒತ್ತಡ ಹೆಚ್ಚು. ನೇರವಾಗಿ ಕಿಂಡಿ ತೆರೆದರೆ ನೀರು ನುಗ್ಗಿ ಏರಿಯನ್ನೇ ಕೊರೆದು ಒಯ್ಯುತ್ತದೆ. ಅದಕ್ಕಾಗಿ ಏರಿಯೊಳಗೆ ಕಲ್ಲು ಕಟ್ಟಿದ ಒಂದು ಚೌಕದ ಗುಂಡಿ ಇಡುತ್ತಿದ್ದರು. ನುಗ್ಗಿಬಂದ ನೀರು ಆ ಗುಂಡಿಯಲ್ಲಿ ಮೇಲೇರಿ, ರಭಸ ಕಳೆದುಕೊಂಡು, ಆಮೇಲೆ ಕಾಲುವೆಗೆ ಇಳಿಯುತ್ತದೆ. ಅಲ್ಲಿ ನೀರನ್ನು ಬೇಕಾದಷ್ಟೇ ಬಿಡಬಹುದು. 19ನೇ ಶತಮಾನದಲ್ಲಿ ಅಲ್ಲಿ ಕೆಲಸ ಮಾಡಿದ ಬ್ರಿಟಿಷ್ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್ ಇದನ್ನು ಅಳೆದು ನೋಡಿ ಬೆರಗಾಗಿ ಬರೆದಿದ್ದಾನೆ. ನಮ್ಮ ತೂಬಿನ ಅಣ್ಣ ಇದು.

ದೊಡ್ಡ ಕೆರೆಗಳ ಮಾತು ಹೀಗಾದರೆ, ಹಳ್ಳಿಯ ಸಣ್ಣ ಕೆರೆಗಳದ್ದು ಇನ್ನೊಂದು ಚೆಲುವು. ಒಂದರ ಕೋಡಿ ಇನ್ನೊಂದಕ್ಕೆ, ಅದರದ್ದು ಮುಂದಿನದಕ್ಕೆ. ಕೆರೆಯ ಮೇಲ್ಭಾಗದಲ್ಲಿ ಗಾಳಿ ತಡೆಯಲು ಮರಗಳ ಸಾಲು, ಏರಿಯ ಕೆಳಗೆ ಉಪ್ಪಿನಂಶ ಗದ್ದೆಗೆ ಹೋಗದಂತೆ ಹೀರುವ ಪೊದೆಗಳ ಪಟ್ಟಿ. ಈ ಪಟ್ಟಿಗೆ 'ಕಟ್ಟಕಡುವ' ಎನ್ನುತ್ತಾರೆ, ಅದನ್ನು ಕಡಿಯುವುದಿಲ್ಲ. ಬರ ಬಂದ ವರ್ಷ ಕೆರೆಗೆ ಹತ್ತಿರದ ಗದ್ದೆಗಳನ್ನಷ್ಟೇ ಊರವರೆಲ್ಲ ಹಂಚಿಕೊಂಡು ಉಳುತ್ತಾರೆ. ಆ ಪದ್ಧತಿಯ ಹೆಸರು 'ಬೆತ್ಮ'. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಈ ಕೆರೆಸರಣಿಯ ಬೇಸಾಯವನ್ನು ಜಾಗತಿಕ ಕೃಷಿ ಪರಂಪರೆ ಎಂದು ಗುರುತಿಸಿತು. ನಮ್ಮ ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯುವುದೂ ಇಂತಹ ಸರಣಿಯೇ. ಬೆಳ್ಳಂದೂರಿನ ನೊರೆ ನೋಡಿದ ಕಣ್ಣಿನಲ್ಲಿ ಅಲ್ಲಿನ ತಾವರೆ ನೋಡುವಾಗ ಗಂಟಲು ಕಟ್ಟುತ್ತದೆ.

ಇನ್ನು ಮಿನ್ನೇರಿಯ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ತಪ್ಪಿಸಬೇಡಿ. 3ನೇ ಶತಮಾನದ ಕೊನೆಯಲ್ಲಿ ಆಳಿದ ಮಹಾಸೇನ ರಾಜ ಕಟ್ಟಿಸಿದ ಕೆರೆ. ಅನುರಾಧಪುರದ ಬೃಹತ್ ಇಟ್ಟಿಗೆಯ ಜೇತವನಾರಾಮ ಸ್ತೂಪಕ್ಕೆ ಕೈಹಾಕಿದವನೂ ಇವನೇ. ಆದರೆ ಜನ ಅವನನ್ನು ದೇವರು ಮಾಡಿದ್ದು ಕೆರೆಗಾಗಿ, ಮಿನ್ನೇರಿ ದೇವರೆಂದು ಇವತ್ತಿಗೂ ಪೂಜಿಸುತ್ತಾರೆ. ಜುಲೈನಿಂದ ಅಕ್ಟೋಬರ್ ನಡುವೆ ಕೆರೆಯ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಹಸಿರು ಹುಲ್ಲು ಏಳುತ್ತದೆ. ಸುತ್ತಲಿನ ಕಾಡುಗಳು ಒಣಗಿರುತ್ತವೆ. ಆಗ ಆನೆಗಳು ಬರುತ್ತವೆ, ನೂರಾರು. ಸಂಜೆ ನಾಲ್ಕರ ಹೊತ್ತಿಗೆ ಕಾಡಿನ ಅಂಚಿನಿಂದ ಒಂದೊಂದೇ ಹಿಂಡು ಹೊರಬರುವುದನ್ನು ಜೀಪಿನಲ್ಲಿ ಕುಳಿತು ನೋಡಿದೆ. ಒಂದು ಹೆಣ್ಣಾನೆ ಹುಲ್ಲನ್ನು ಸೊಂಡಿಲಿನಿಂದ ಸುತ್ತಿ, ಮುಂಗಾಲಿನ ಉಗುರಿನಿಂದ ಬುಡಕ್ಕೆ ಒದ್ದು ಕಿತ್ತು, ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿ, ಆಮೇಲೆ ಬಾಯಿಗಿಟ್ಟುಕೊಂಡಿತು. ಪಕ್ಕದ ಮರಿಗೆ ಒದೆಯಲು ಬರುತ್ತಿರಲಿಲ್ಲ. ಅದು ತಾಯಿಯ ಬಾಯಿಯಿಂದ ಜಾರಿದ ಎಳೆಗಳನ್ನು ಎತ್ತಿಕೊಳ್ಳುತ್ತಿತ್ತು. ಹಿಂದೆ ನೀರಿನಲ್ಲಿ ಬಣ್ಣದ ಕೊಕ್ಕರೆಗಳು, ನಮ್ಮ ಕೊಕ್ಕರೆಬೆಳ್ಳೂರಿನಲ್ಲಿ ಕಾಣುವಂಥವೇ. ಹಿಂಡು ಕೆಲವು ದಿನ ಪಕ್ಕದ ಕೌಡುಲ್ಲಕ್ಕೆ ಹೋಗಿರುತ್ತದೆ. ಮುಂಗಡ ಹಣ ಕೊಡುವ ಮುನ್ನ ಅಂದು ಆನೆ ಎಲ್ಲಿವೆ ಎಂದು ಜೀಪಿನವರನ್ನು ಕೇಳಿ. ಜೀಪು ಆನೆಗಳ ಹತ್ತಿರಕ್ಕೆ ನುಗ್ಗಿದರೆ ಬೇಡ ಎಂದು ಗಟ್ಟಿಯಾಗಿ ಹೇಳಿ.

ಪೊಲೊನ್ನರುವದಲ್ಲಿ ಗಲ್ ವಿಹಾರದ ಬುದ್ಧ ಮಲಗಿದ್ದಾನೆ. ಒಂದೇ ಬಂಡೆ, ಸುಮಾರು 14 ಮೀಟರ್ ಉದ್ದ. ತಲೆದಿಂಬಿನ ಕಲ್ಲು ತಲೆಯ ಭಾರಕ್ಕೆ ತುಸು ಕುಸಿದಂತೆ ಕೆತ್ತಿದ್ದಾರೆ. ಆ ಕುಸಿತವನ್ನು ನೋಡುತ್ತಾ ನಿಂತವನಿಗೆ ಕಲ್ಲು ಎಂಬುದೇ ಮರೆತುಹೋಯಿತು. ಇದನ್ನು ಮಾಡಿಸಿದ ಪರಾಕ್ರಮಬಾಹು 1153ರಿಂದ 1186ರವರೆಗೆ ಆಳಿದವನು. ಮಳೆಯ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಕಡಲು ಸೇರಬಾರದು ಎಂದವನು ಅವನೇ. ಅವನ ಕೆರೆಯ ಹೆಸರು ಪರಾಕ್ರಮ ಸಮುದ್ರ. ಏರಿಯೇ ಸುಮಾರು 14 ಕಿಲೋಮೀಟರ್. ಸೈಕಲ್ ಬಾಡಿಗೆಗೆ ಸಿಗುತ್ತದೆ, ಸಂಜೆ ಹೋಗಿ.

ಕ್ಯಾಂಡಿಯ ದಂತಮಂದಿರ, ಚಹಾ ತೋಟಗಳ ನಡುವಿನ ರೈಲು, ಸಿಂಹರಾಜ ಮಳೆಕಾಡು, ಗಾಲ್ ಕೋಟೆ ಇವೆಲ್ಲ ಚೆನ್ನಾಗಿಯೇ ಇವೆ, ಅವುಗಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ಒಂದು ಮಾತು ಮಾತ್ರ ನಮ್ಮ ಕೊಡಗು, ಚಿಕ್ಕಮಗಳೂರಿನವರಿಗಾಗಿ. ಲಂಕೆಯ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ತೋಟಗಳನ್ನು ನುಂಗಿದ ಮೇಲೆಯೇ ಚಹಾ ಅಲ್ಲಿ ಬೆಟ್ಟಬೆಟ್ಟಕ್ಕೆ ಹಬ್ಬಿದ್ದು.

ಊಟದ ಚಿಂತೆ ಬೇಡ. ನಮ್ಮ ಒತ್ತುಶಾವಿಗೆಯಂಥದ್ದೇ ಬೆಳಗಿನ ತಿಂಡಿ, ಮಧ್ಯಾಹ್ನ ಕೆಂಪಕ್ಕಿ ಅನ್ನದ ಸುತ್ತ ನಾಲ್ಕಾರು ಪಲ್ಯ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಗಟ್ಟಿದ ಎಮ್ಮೆ ಮೊಸರಿಗೆ ಬಗನಿ ಮರದ ಜೋನಿಬೆಲ್ಲ ಸುರಿದು ಕೊಡುತ್ತಾರೆ, ನಾನು ದಿನಕ್ಕೆ ಎರಡು ಕುಡಿಕೆ ಮುಗಿಸಿದೆ. ವಿಹಾರಗಳಲ್ಲಿ ಚಪ್ಪಲಿ, ಟೋಪಿ ಎರಡನ್ನೂ ತೆಗೆಯಬೇಕು. ಬಿಸಿಲಿಗೆ ಕಲ್ಲು ಕಾದಿರುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅವರಿಗೆ ನೋವಾಗುತ್ತದೆ. ಪ್ರತಿ ಹುಣ್ಣಿಮೆ ಅಲ್ಲಿ ರಜೆ, ಬಸ್ಸುಗಳಲ್ಲಿ ಜನ ತುಂಬಿರುತ್ತಾರೆ.

ಕಲಾ ವೆವಕ್ಕೆ ಹೋಗುವವರು ಕೆಕಿರಾವ ಎಂಬ ಪೇಟೆಯಲ್ಲಿ ಇಳಿಯಬೇಕು. ಅಲ್ಲಿಂದ ಆಟೋ ಸಿಗುತ್ತದೆ. ಹತ್ತಿರದಲ್ಲೇ ಅವುಕನದ ನಿಂತ ಬುದ್ಧ ಇದ್ದಾನೆ, ಬೆಳಗಿನ ಹೊತ್ತು ನೋಡಿಕೊಂಡು ಕೆರೆಗೆ ಬನ್ನಿ. ಆಟೋದವರಿಗೆ ಇಂಗ್ಲಿಷ್ ಬಾರದಿದ್ದರೆ 'ವೆವ' ಎನ್ನಿ, ಸಾಕು. ನನ್ನನ್ನು ಕರೆದೊಯ್ದ ಹಿರಿಯರು ಏರಿಯ ಮೇಲೆ ಆಟೋ ನಿಲ್ಲಿಸಿ, ಎಂಜಿನ್ ಆರಿಸಿ, ತಾವೂ ಇಳಿದು ನನ್ನ ಪಕ್ಕದಲ್ಲಿ ನೀರು ನೋಡುತ್ತಾ ನಿಂತರು. ಕಾದದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ನಮಸ್ಕಾರ.