ಮಾತಿಲ್ಲದಾಗ ಎಲಿಯಟ್ ಕಡೆ ನೋಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವುದು ಇಪ್ಪತ್ತು ನಿಮಿಷ, ಆಮೇಲೆ ಸಿನಿಮಾ. ಹಾಗಾಗಿ ಪೀಠಿಕೆ ಬೇಡ. ಹೋದ ತಿಂಗಳು ಇದೇ ಹಾಲ್‌ನಲ್ಲಿ ಯಾರೋ 'ಸಣ್ಣ ಪಾತ್ರ ಮಾಡಿಕೊಂಡೇ ಕಾಲ ಹಾಕಿದ ನಟರು' ಅಂದರು. ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿದೆ. ಅದನ್ನು ತೆಗೆಯೋಣ ಅಂತಲೇ ಬಂದಿದ್ದೇನೆ.

ಡೆನ್‌ಹಮ್ ಎಲಿಯಟ್. ಹೆಸರು ನೆನಪಿಲ್ಲದಿದ್ದರೂ ಮುಖ ಗೊತ್ತಿರುತ್ತದೆ. ಇಂಡಿಯಾನಾ ಜೋನ್ಸ್ ಸಿನಿಮಾಗಳಲ್ಲಿ ಬರುವ ಮ್ಯೂಸಿಯಂನ ಮಾರ್ಕಸ್ ಬ್ರೋಡಿ, ಅವನೇ. ಏಕವಚನದಲ್ಲಿ ಮಾತಾಡುತ್ತಿದ್ದೇನೆ, ಬೈಕೋಬೇಡಿ. ಇಷ್ಟದ ನಟರನ್ನು ನಾವು ಬಹುವಚನದಲ್ಲಿ ಕರೆದಿದ್ದು ಯಾವಾಗ ಹೇಳಿ?

1989ರ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಲಾಸ್ಟ್ ಕ್ರುಸೇಡ್' ಅನ್ನು ನಾನು ಮೊದಲು ನೋಡಿದ್ದು ಬಾಡಿಗೆ ಕ್ಯಾಸೆಟ್ಟಿನಲ್ಲಿ. ಶತ್ರುಗಳ ಕೈಗೆ ಸಿಕ್ಕಿರುವ ಇಂಡಿ ಕೊಚ್ಚಿಕೊಳ್ಳುತ್ತಾನೆ: ಮಾರ್ಕಸ್ ನಿಮಗಿಂತ ಎರಡು ದಿನ ಮುಂದಿದ್ದಾನೆ, ಅವನಿಗೆ ಹತ್ತಾರು ಭಾಷೆ ಗೊತ್ತು, ಊರೂರಲ್ಲೂ ಸ್ನೇಹಿತರು, ಜನರ ನಡುವೆ ಕರಗಿಬಿಡುತ್ತಾನೆ, ನಿಮಗೆ ಜನ್ಮದಲ್ಲಿ ಸಿಗುವುದಿಲ್ಲ! ಸರಿಯಾಗಿ ಅಲ್ಲೇ ನಮ್ಮ ಟೇಪು ಸಿಕ್ಕಿಹಾಕಿಕೊಂಡಿತು. ಅಣ್ಣ ಪೆನ್ಸಿಲ್ ಹಾಕಿ ಸುತ್ತಿದ, ಹೆಡ್ ಒರೆಸಿದ, ವಿಸಿಆರ್‌ಗೆ ಎರಡು ಏಟೂ ಕೊಟ್ಟ. ಅಷ್ಟು ಹೊತ್ತೂ ನಾನು ಎಂಥ ಗೂಢಚಾರನಪ್ಪ ಈ ಮಾರ್ಕಸ್ ಅಂತ ಯೋಚಿಸುತ್ತಾ ಕೂತಿದ್ದೆ. ಟೇಪು ಮತ್ತೆ ಓಡಿತು. ನೋಡಿದರೆ ಇಸ್ಕೆಂದರೂನ್ ಊರಿನ ಜನಜಂಗುಳಿ. ಅದರ ಮಧ್ಯೆ ತಿಳಿ ಬಣ್ಣದ ಸೂಟು, ತಲೆಗೊಂದು ಹ್ಯಾಟು, ಜಾತ್ರೆಯಲ್ಲಿ ಅಮ್ಮನ ಕೈ ಬಿಟ್ಟುಹೋದ ಮಗುವಿನಂಥ ಮುಖ. ಇಲ್ಲಿ ಯಾರಿಗಾದರೂ ಇಂಗ್ಲಿಷ್ ಬರುತ್ತಾ ಅಂತ ಕೇಳುತ್ತಾನೆ. ಯಾರೂ ತಿರುಗುವುದಿಲ್ಲ. ಹೋಗಲಿ, ಪ್ರಾಚೀನ ಗ್ರೀಕ್? ಅಣ್ಣ ನಕ್ಕು ನಕ್ಕು ಆ ತುಂಡನ್ನೇ ನಾಲ್ಕು ಸಲ ಹಾಕಿದ, ಕೊನೆಗೆ ಟೇಪು ನಿಜವಾಗಿಯೂ ಹರಿದೇ ಹೋಯಿತು. ಅಂಗಡಿಯವನಿಗೆ ಯಾರು ದಂಡ ಕಟ್ಟಿದರು ಅನ್ನುವುದು ಬೇರೆ ಕಥೆ.

ಆ ದೃಶ್ಯವನ್ನು ಮತ್ತೆ ನೋಡಿ. ಶುರುವಿನ ಮಾತು ಎರಡೇ. ನಗು ಬರುವುದು ಆ ಎರಡು ಮಾತುಗಳ ನಡುವಿನ ಮುಖಕ್ಕೆ. ನನ್ನ ವಾದ ಇಷ್ಟೇ, ಇದನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ: ಮಾತಿಲ್ಲದಾಗ ಅವನ ಕಡೆ ನೋಡಿ.

ಹುಟ್ಟಿದ್ದು 1922ರಲ್ಲಿ, ಲಂಡನ್ನಿನಲ್ಲಿ. ನಟನೆ ಕಲಿಯಲು ರಾಡಾ ಸೇರಿದ. ಅದೇ, ಲಂಡನ್ನಿನ ದೊಡ್ಡ ನಾಟಕ ಶಾಲೆ. ಒಂದೇ ಟರ್ಮಿಗೆ ಅವರು ತಾಯಿಗೆ ಕಾಗದ ಬರೆದರಂತೆ: ಹುಡುಗ ಒಳ್ಳೆಯವನೇ, ಆದರೆ ನಿಮ್ಮ ದುಡ್ಡು, ನಮ್ಮ ಸಮಯ ಎರಡೂ ದಂಡ, ಕರಕೊಂಡು ಹೋಗಿ. ಇದನ್ನು ಅವನೇ ಖುಷಿಯಿಂದ ಹೇಳಿಕೊಳ್ಳುತ್ತಿದ್ದ. ಆಮೇಲೆ ಯುದ್ಧ. ವಾಯುಪಡೆಯ ಬಾಂಬರ್ ವಿಮಾನದಲ್ಲಿ ವೈರ್‌ಲೆಸ್ ಕೆಲಸ. 1942ರಲ್ಲಿ ವಿಮಾನ ಬಿತ್ತು, ಜರ್ಮನರ ಕೈಗೆ ಸಿಕ್ಕಿದ. ಯುದ್ಧ ಮುಗಿಯುವವರೆಗೂ ಸೈಲೀಸಿಯಾದ ಲಾಮ್ಸ್‌ಡಾರ್ಫ್ ಸೆರೆ ಶಿಬಿರದಲ್ಲೇ. ಅಲ್ಲಿ ಏನು ಮಾಡಿದ ಗೊತ್ತಾ? ನಾಟಕದ ತಂಡ ಕಟ್ಟಿದ! ಶಾಲೆಯವರು ಬೇಡ ಅಂದವನಿಗೆ ಮುಳ್ಳುತಂತಿಯ ಒಳಗೆ ರಂಗ ಸಿಕ್ಕಿತು.

ವಾಪಸು ಬಂದು 1950ರ ದಶಕದಲ್ಲಿ ಸಭ್ಯ ಯುವಕನ ಪಾತ್ರಗಳನ್ನು ಮಾಡಿದ. 'ದ ಕ್ರುಯಲ್ ಸೀ' ಆಗ ಬಂದಿದ್ದು. ವಯಸ್ಸಾದ ಹಾಗೆ ಮುಖದಲ್ಲಿ ಒಂಥರಾ ಸೋಲು ಬಂದು ಕೂತಿತು, ಅವನ ಅದೃಷ್ಟವೂ ಅದೇ ಆಯಿತು. 1966ರ 'ಆಲ್ಫಿ' ನೆನಪಿಸಿಕೊಳ್ಳಿ. ಹೀರೋ ಮೈಕಲ್ ಕೇನ್. ಎಲಿಯಟ್ ಬರುವುದು ಕೆಲವೇ ನಿಮಿಷ, ಕದ್ದು ಗರ್ಭಪಾತ ಮಾಡುವವನಾಗಿ. ಬ್ರಿಟನ್ನಿನಲ್ಲಿ ಅದು ಆಗಿನ್ನೂ ಅಪರಾಧ, ಕಾನೂನು ಬದಲಾಗಿದ್ದು ಮರುವರ್ಷ. ಅವನು ಹೋದ ಮೇಲೂ ಆ ಕೋಣೆಯಲ್ಲಿ ಅವನ ವಾಸನೆ ಉಳಿದ ಹಾಗೆ ಅನಿಸುತ್ತದೆ.

ಇಲ್ಲಿ ಒಂದು ಮಾತು. ನಾವು ಪೋಷಕ ನಟ ಅನ್ನುತ್ತೇವಲ್ಲ, ಎಂಥ ಪದ ನೋಡಿ! ಶಾಲೆಯಲ್ಲಿ ಪೋಷಕರ ಸಭೆ ಕರೆಯುತ್ತಾರಲ್ಲ, ಅದೇ ಪೋಷಕ. ಹೀರೋನನ್ನು ಸಾಕುವವನು. ಸಾಕಿದವರನ್ನು ಯಾರಾದರೂ ಸಣ್ಣವರು ಅನ್ನುತ್ತಾರಾ?

'ಟ್ರೇಡಿಂಗ್ ಪ್ಲೇಸಸ್' ಸಿನಿಮಾದಲ್ಲಿ ಕೋಲ್ಮನ್ ಅನ್ನುವ ಬಟ್ಲರ್ ಇದ್ದಾನೆ, ಅವನೇ ನಮ್ಮ ಎಲಿಯಟ್. ತಾನು ದಿನಾ ತಿಂಡಿ ಬಡಿಸಿದ ಯಜಮಾನನೇ ಬಾಗಿಲಿಗೆ ಬಂದಾಗ, ನೀವು ಯಾರೋ ಗೊತ್ತಿಲ್ಲ ಅನ್ನಬೇಕು. ಮೇಲಿನವರ ಅಪ್ಪಣೆ. ಮಾತಿನಲ್ಲಿ ಮರ್ಯಾದೆ ಒಂದಿಷ್ಟೂ ತಪ್ಪುವುದಿಲ್ಲ. ಕಣ್ಣು ಮಾತ್ರ ಬೇರೆಯೇ ಹೇಳುತ್ತಿರುತ್ತದೆ. ಎಡ್ಡಿ ಮರ್ಫಿ, ಡ್ಯಾನ್ ಐಕ್ರಾಯ್ಡ್ ಇಬ್ಬರೂ ಇರುವ ಸಿನಿಮಾ ಸ್ವಾಮಿ, ಆದರೂ ನನ್ನ ಕಣ್ಣು ಬಟ್ಲರ್ ಮೇಲೆ. 1983ರ ಈ ಚಿತ್ರಕ್ಕೆ ಅವನಿಗೆ ಬಾಫ್ಟಾ, ಅಂದರೆ ಬ್ರಿಟನ್ನಿನ ದೊಡ್ಡ ಸಿನಿಮಾ ಪ್ರಶಸ್ತಿ. ಮರುವರ್ಷದ 'ಎ ಪ್ರೈವೇಟ್ ಫಂಕ್ಷನ್'ಗೂ ಬಂತು, ಅದರ ಮರುವರ್ಷದ 'ಡಿಫೆನ್ಸ್ ಆಫ್ ದ ರೆಲ್ಮ್'ಗೂ ಬಂತು. ಸಾಲಾಗಿ ಮೂರು! ಆ ಕೊನೆಯದರಲ್ಲಿ ಜೊತೆಗಿದ್ದ ಗೇಬ್ರಿಯಲ್ ಬರ್ನ್ ಹೇಳಿದ್ದು ಅಂತ ಒಂದು ಮಾತು ಓಡಾಡುತ್ತದೆ: ಮಕ್ಕಳು, ನಾಯಿ, ಡೆನ್‌ಹಮ್ ಎಲಿಯಟ್, ಈ ಮೂವರ ಜೊತೆ ಮಾತ್ರ ನಟಿಸಬೇಡಿ.

ಆಯ್ತು, ಚೀಟಿ ಬಂತು. ಐದು ನಿಮಿಷ ಅಂತೆ. 'ಬ್ಲೀಕ್ ಹೌಸ್' ಧಾರಾವಾಹಿ ಬಿಡುತ್ತೇನೆ. ಕೊನೆಯ ಚಿತ್ರ 'ನಾಯ್ಸಸ್ ಆಫ್', 1992. ಅದರಲ್ಲಿ ಅವನು ಕುಡುಕ ಮುದಿ ನಟ, ಉಳಿದವರಿಗೆಲ್ಲ ಅವನನ್ನು ಹುಡುಕುವುದೇ ಕೆಲಸ. ಅದನ್ನು ಮಾಡುವಾಗ ಎಚ್‌ಐವಿ ಸೋಂಕು ಗೊತ್ತಾಗಿ ಕೆಲವು ವರ್ಷ ಕಳೆದಿತ್ತು. ಅದೇ ಅಕ್ಟೋಬರ್‌ನಲ್ಲಿ ಸ್ಪೇನಿನ ಇಬಿಜಾ ದ್ವೀಪದಲ್ಲಿ ತೀರಿಕೊಂಡ. 70 ವರ್ಷ.

ಈಗ ನೋಡಲಿರುವ 'ಎ ರೂಮ್ ವಿತ್ ಎ ವ್ಯೂ' ಬಗ್ಗೆ ಎರಡೇ ಮಾತು. ಇದಕ್ಕಾಗಿ ಅವನ ಹೆಸರು ಆಸ್ಕರ್‌ಗೆ ಹೋಯಿತು, ಪೋಷಕ ನಟ ವಿಭಾಗಕ್ಕೆ. ಗೆದ್ದಿದ್ದು ಯಾರು ಹೇಳಿ? ಮೈಕಲ್ ಕೇನ್! 'ಆಲ್ಫಿ'ಯ ಹೀರೋ. ತಗೊಳ್ಳಲು ಅವನು ಬರಲೂ ಇಲ್ಲ, ಶಾರ್ಕಿನ ಸಿನಿಮಾ ಒಂದರ ಶೂಟಿಂಗ್‌ನಲ್ಲಿದ್ದ.

ಶುರುವಿನಲ್ಲೇ ಫ್ಲಾರೆನ್ಸ್‌ನ ವಸತಿಗೃಹದ ಊಟದ ಮೇಜು ಬರುತ್ತದೆ. ಎಮರ್ಸನ್ ಅನ್ನುವ ಮುದುಕನೇ ಎಲಿಯಟ್. ಅವನು, ನಮ್ಮ ಕೋಣೆಯಿಂದ ಒಳ್ಳೆ ನೋಟ ಇದೆ, ನೀವೇ ತಗೊಳ್ಳಿ ಅನ್ನುತ್ತಾನೆ. ಮೇಜಿನಲ್ಲಿರುವವರಿಗೆಲ್ಲ ಮುಜುಗರ. ಅವರು ಬೇಡ ಅಂದಾಗ ಕ್ಯಾಮೆರಾ ಯಾರ ಮೇಲಾದರೂ ಇರಲಿ, ನೀವು ಮಾತ್ರ ಮುದುಕನನ್ನು ಹುಡುಕಿ. ಲೈಟ್ ಆರಿಸಿಬಿಡಪ್ಪ.