ಕೂಸು ಹಾಲು ಬಿಟ್ಟರೆ ಬೆಳಗಾಗುವವರೆಗೆ ಕಾಯಬೇಡಿ

ಕೇಳುಗರಿಗೆ ನಮಸ್ಕಾರ. ಎಳೆಯ ಮಕ್ಕಳ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ ಸೋಂಕು, ಅಂದರೆ ರಕ್ತದ ನಂಜು, ಮತ್ತು ಅದಕ್ಕೆ ಕೊಡುವ ಆಂಟಿಬಯೋಟಿಕ್ ಚಿಕಿತ್ಸೆಯ ಕುರಿತು ಮಾತನಾಡಬೇಕೆಂದು ಬಾನುಲಿಯವರು ಕೇಳಿಕೊಂಡಿದ್ದಾರೆ. ವಿಷಯ ದೊಡ್ಡದು, ದೊರೆತಿರುವ ಸಮಯ ಚಿಕ್ಕದು. ಆದ್ದರಿಂದ, ಈ ಹೊತ್ತಿನಲ್ಲಿ ಬಾಣಂತಿಯ ಕೋಣೆಯಲ್ಲಿ ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ರೇಡಿಯೋ ಕೇಳುತ್ತಿರುವ ಅಜ್ಜಿಯೊಬ್ಬರಿದ್ದಾರೆ ಎಂದು ಭಾವಿಸಿಕೊಂಡು, ಅವರೊಂದಿಗೇ ಮಾತನಾಡುತ್ತೇನೆ. ಅಮ್ಮಾ, ನಾನು ಹೇಳಬೇಕೆಂದಿರುವುದು ಒಂದೇ ಮಾತು. ಎರಡು ತಿಂಗಳೊಳಗಿನ ಕೂಸು ನಿನ್ನೆಯವರೆಗೆ ಚೆನ್ನಾಗಿ ಹಾಲು ಕುಡಿಯುತ್ತಿದ್ದು ಇಂದು ಕುಡಿಯುವುದನ್ನು ಬಿಟ್ಟರೆ, ಬೆಳಗಾಗುವವರೆಗೆ ಕಾಯಬೇಡಿ.

ದೊಡ್ಡವರಿಗೆ ಕಾಲಿಗೆ ಗಾಯವಾದರೆ ಕೀವು ಸಾಮಾನ್ಯವಾಗಿ ಗಾಯದಲ್ಲೇ ನಿಲ್ಲುತ್ತದೆ. ದೇಹವು ಸೋಂಕಿನ ಸುತ್ತ ಬೇಲಿ ಕಟ್ಟಿಬಿಡುತ್ತದೆ. ಹುಟ್ಟಿ ಕೆಲವೇ ದಿನಗಳಾದ ಕೂಸಿಗೆ ಆ ಬೇಲಿ ಕಟ್ಟುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೊಕ್ಕುಳಿನಿಂದಲೋ, ಚರ್ಮದ ಸಣ್ಣ ಗುಳ್ಳೆಯಿಂದಲೋ, ಶ್ವಾಸಕೋಶದಿಂದಲೋ ಒಳಹೊಕ್ಕ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ಸೇರಿ ಮೆದುಳಿನ ಪೊರೆಯವರೆಗೂ ತಲುಪಬಲ್ಲದು. ಈ ಸೋಂಕಿಗೆ ಕಾರಣವಾಗುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಒಂದಿದ್ದುದು ಎರಡಾಗುತ್ತದೆ. ಹಾಗೆ ಆರು ಗಂಟೆ ಕಳೆದರೆ ಒಂದು ಬ್ಯಾಕ್ಟೀರಿಯಾ ಎರಡೂವರೆ ಲಕ್ಷವನ್ನು ಮೀರುತ್ತದೆ. ರಾತ್ರಿ ಹತ್ತಕ್ಕೆ ಗಮನಿಸಿ ಬೆಳಗ್ಗೆ ನೋಡೋಣ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಜ್ವರ ಬಂದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ನಂಜೇರಿದ ಎಳೆಗೂಸಿನ ಮೈ ಸುಡುವುದಕ್ಕೆ ಬದಲಾಗಿ ತಣ್ಣಗಾಗಲೂಬಹುದು. ಅಳು ಕ್ಷೀಣಿಸುವುದು, ಕೈಕಾಲು ಜೋತುಬೀಳುವುದು, ಎಬ್ಬಿಸಿದರೂ ಏಳದಿರುವುದು, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು, ಒಂದು ನಿಮಿಷದಲ್ಲಿ ಉಸಿರು 60 ಅಥವಾ ಅದಕ್ಕಿಂತ ಹೆಚ್ಚಾಗುವುದು, ಫಿಟ್ಸ್ ಬರುವುದು, ಇವೆಲ್ಲವೂ ಲಕ್ಷಣಗಳೇ. ಇಷ್ಟನ್ನೂ ನೆನಪಿಡಲಾಗದಿದ್ದರೆ ಹಾಲು ಬಿಟ್ಟಿತೇ ಎಂಬುದೊಂದನ್ನು ನೆನಪಿಡಿ, ಸಾಕು.

ಅನಕ್ಷರಸ್ಥ ಅಜ್ಜಿಯಂದಿರಿಗೆ ಇದೆಲ್ಲ ಹೇಗೆ ತಿಳಿಯುತ್ತದೆ ಎಂದು ಕೇಳುವವರಿಗೆ ನಾನು ಯಾವಾಗಲೂ ಗಡಚಿರೋಲಿಯ ಕಥೆಯನ್ನು ಹೇಳುತ್ತೇನೆ. ಮಹಾರಾಷ್ಟ್ರದ ಪೂರ್ವದ ಅಂಚಿನಲ್ಲಿ, ಛತ್ತೀಸಗಢ ಮತ್ತು ತೆಲಂಗಾಣಗಳಿಗೆ ತಾಗಿಕೊಂಡಿರುವ ಕಾಡಿನ ಜಿಲ್ಲೆ ಅದು. ಅಭಯ್ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ, ಹಿಂದಿರುಗಿ ಬಂದು, 1986ರಲ್ಲಿ ಅಲ್ಲಿ ನೆಲೆಸಿ ‘ಸರ್ಚ್’ ಎಂಬ ಸಂಸ್ಥೆಯ ಕೆಲಸವನ್ನು ಆರಂಭಿಸಿದರು. ಮೊದಲು ಅವರು ಮಕ್ಕಳ ನ್ಯುಮೋನಿಯಾವನ್ನು ಕೈಗೆತ್ತಿಕೊಂಡರು. ಉಸಿರನ್ನು ಐವತ್ತು ಅರವತ್ತರವರೆಗೆ ಎಣಿಸಲು ಬಾರದ ಸೂಲಗಿತ್ತಿಯರಿಗಾಗಿ ಮಣಿಗಳನ್ನು ಪೋಣಿಸಿದ ಒಂದು ಸಣ್ಣ ಚೌಕಟ್ಟನ್ನೂ, ಒಂದು ನಿಮಿಷದಲ್ಲಿ ಮರಳು ಸುರಿದು ಮುಗಿಯುವ ಗಡಿಯಾರವನ್ನೂ ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿಯನ್ನು ಸರಿಸಿದರಾಯಿತು. ಮರಳು ಮುಗಿಯುವ ಮೊದಲೇ ಮಣಿಗಳು ಮುಗಿದರೆ ಮಗುವಿಗೆ ನ್ಯುಮೋನಿಯಾ ಇರಬಹುದು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಕೆಲಸ ಮಾಡುವ ನನಗೆ ಆ ಮಣಿಚೌಕಟ್ಟಿನ ಬುದ್ಧಿವಂತಿಕೆಯ ಮೇಲೆ ಇರುವಷ್ಟು ಗೌರವ ಇನ್ನಾವುದರ ಮೇಲೂ ಇಲ್ಲ.

ಆದರೂ ಹುಟ್ಟಿದ ತಿಂಗಳೊಳಗಿನ ಕೂಸುಗಳು ಸಾಯುತ್ತಲೇ ಇದ್ದವು. 1993ರಿಂದ 1995ರ ಅವಧಿಯಲ್ಲಿ ಆ ಹಳ್ಳಿಗಳಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 62 ಕೂಸುಗಳು 28 ದಿನ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಬಾಣಂತಿಯನ್ನೂ ಕೂಸನ್ನೂ ಹೊರಗೆ ಒಯ್ಯುವ ವಾಡಿಕೆಯಿಲ್ಲ, ಆಸ್ಪತ್ರೆ ದೂರ. ಹಾಗಾದರೆ ಚಿಕಿತ್ಸೆಯೇ ಕೂಸಿನ ಮನೆಗೆ ಹೋಗಲಿ ಎಂದು ಆ ವೈದ್ಯರು ತೀರ್ಮಾನಿಸಿದರು. 39 ಹಳ್ಳಿಗಳಲ್ಲಿ ಐದರಿಂದ ಹತ್ತನೆಯ ತರಗತಿಯವರೆಗೆ ಓದಿದ ಅದೇ ಊರಿನ ಹೆಂಗಸರನ್ನು ಆರಿಸಿ ತರಬೇತಿ ಕೊಟ್ಟರು. ತಾಯಂದಿರೇ ಹೇಳುವ ಲಕ್ಷಣಗಳು, ಅಂದರೆ ಅಳು ಕ್ಷೀಣಿಸಿತು, ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಕೈಕಾಲು ಜೋತುಬಿದ್ದವು, ಹೊಟ್ಟೆ ಉಬ್ಬಿತು ಎಂಬಂಥವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅದನ್ನು ನಂಜೆಂದೇ ತಿಳಿಯಬೇಕು ಎಂದು ಕಲಿಸಿದರು. ಆಸ್ಪತ್ರೆಗೆ ಹೋಗಲು ಒಪ್ಪದ ಮನೆಗಳಲ್ಲಿ ಆ ಹೆಂಗಸರೇ ಎರಡು ಆಂಟಿಬಯೋಟಿಕ್‌ಗಳನ್ನು, ಅಂದರೆ ಜೆಂಟಮೈಸಿನ್ ಚುಚ್ಚುಮದ್ದನ್ನೂ ಕೋಟ್ರೈಮಾಕ್ಸಜೋಲ್ ಸಿರಪ್ಪನ್ನೂ ಕೊಟ್ಟರು. ಹಳ್ಳಿಯ ಹೆಂಗಸಿನ ಕೈಗೆ ಸಿರಿಂಜು ಕೊಡುವುದೇ ಎಂದು ಹುಬ್ಬೇರಿಸುವವರು ನನ್ನ ವೃತ್ತಿಯಲ್ಲಿ ಇಂದಿಗೂ ಇದ್ದಾರೆ; ಅವರಿಗೆ ನಾನು ಅಂಕಿಗಳನ್ನಷ್ಟೇ ತೋರಿಸುತ್ತೇನೆ. ಚಿಕಿತ್ಸೆ ಆರಂಭವಾಗುವ ಮೊದಲು ನಂಜು ತಗುಲಿದ ನೂರು ಕೂಸುಗಳಲ್ಲಿ ಹದಿನಾರು ಹದಿನೇಳು ಸಾಯುತ್ತಿದ್ದವು. ಆ ಹೆಂಗಸರ ಚಿಕಿತ್ಸೆಯ ಬಳಿಕ ಆ ಸಂಖ್ಯೆ ಮೂರಕ್ಕಿಂತ ಕೆಳಗಿಳಿಯಿತು. ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 62ರಿಂದ ಸುಮಾರು 25ಕ್ಕೆ ಬಂದಿತು, ಹೋಲಿಕೆಗೆಂದು ಇಟ್ಟುಕೊಂಡಿದ್ದ ಪಕ್ಕದ ಹಳ್ಳಿಗಳಲ್ಲಿ ಅದು 60ರ ಆಸುಪಾಸಿನಲ್ಲೇ ಉಳಿದಿತ್ತು. 1999ರ ಡಿಸೆಂಬರಿನಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಈ ಕಥೆಗೆ ಬೇಕಾದುದಕ್ಕಿಂತ ಹೆಚ್ಚು ಸಮಯ ಕೊಟ್ಟೆನೆಂದು ಗಾಜಿನ ಆಚೆ ಕುಳಿತವರು ಸನ್ನೆ ಮಾಡುತ್ತಿದ್ದಾರೆ. ಆದರೆ ಅಮ್ಮಾ, ಕರ್ನಾಟಕದ ನಿಮ್ಮ ಮನೆಗೂ ಆ ಕಾಡಿನ ಹಳ್ಳಿಗಳಿಗೂ ಸಂಬಂಧವಿದೆ. ಅದೇ ಮಾದರಿಯಿಂದ 2011ರಲ್ಲಿ ದೇಶದಾದ್ಯಂತ ನವಜಾತ ಶಿಶುವಿನ ಮನೆ ಆರೈಕೆಯ ಕಾರ್ಯಕ್ರಮ ಬಂದಿತು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುವುದು ಅದರಂತೆಯೇ. ಅವರು ಬಂದಾಗ ಕೂಸು ಮಲಗಿದೆ, ಆಮೇಲೆ ಬನ್ನಿ ಎಂದು ಬಾಗಿಲಿನಿಂದಲೇ ಕಳುಹಿಸಬೇಡಿ. ಕೂಸಿನ ಬಟ್ಟೆ ಬಿಚ್ಚಿ ತೋರಿಸಿ, ಅವರು ಉಸಿರನ್ನು ಎಣಿಸಲಿ. ಆಸ್ಪತ್ರೆಗೆ ಹೋಗಲು ಸಾಧ್ಯವೇ ಇಲ್ಲದ ಸಂದರ್ಭದಲ್ಲಿ ಎಎನ್‌ಎಂ ಸಿಸ್ಟರ್, ಅಂದರೆ ಊರಿನ ಆರೋಗ್ಯ ಉಪಕೇಂದ್ರದ ನರ್ಸ್, ಜೆಂಟಮೈಸಿನ್ ಕೊಡಬಹುದೆಂದು 2014ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ಬಂದಿದೆ.

ಇನ್ನು ಆಸ್ಪತ್ರೆಯ ಚಿಕಿತ್ಸೆ. ನಂಜಿನ ಶಂಕೆಯಿದ್ದರೆ ಮೊದಲು ಕಲ್ಚರ್ ಪರೀಕ್ಷೆಗೆ, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದಕ್ಕೆ, ರಕ್ತ ತೆಗೆಯುತ್ತಾರೆ. ಇಷ್ಟು ಚಿಕ್ಕ ಕೂಸಿನಿಂದ ರಕ್ತ ತೆಗೆಯುತ್ತಾರಲ್ಲ ಎಂದು ಗಲಾಟೆ ಮಾಡುವವರು ದಯವಿಟ್ಟು ಕೇಳಿ: ಮೂರು ಕಿಲೋ ತೂಕದ ಕೂಸಿನಲ್ಲಿ ಸುಮಾರು 240 ಮಿಲಿಲೀಟರ್ ರಕ್ತವಿರುತ್ತದೆ, ನಾವು ತೆಗೆಯುವುದು ಒಂದು ಮಿಲಿಲೀಟರಿನಷ್ಟು. ಆಂಟಿಬಯೋಟಿಕ್ ಹಾಕುವ ಮೊದಲೇ ಅದನ್ನು ತೆಗೆದರೆ ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಒಂದೆರಡು ದಿನಗಳಲ್ಲಿ ತಿಳಿಯುತ್ತದೆ. ಅಲ್ಲಿಯವರೆಗೆ ಕಾಯದೆ ಸಾಮಾನ್ಯವಾಗಿ ಆಂಪಿಸಿಲಿನ್ ಮತ್ತು ಜೆಂಟಮೈಸಿನ್ ಎಂಬ ಎರಡು ಹಳೆಯ, ಅಗ್ಗದ ಔಷಧಗಳನ್ನು ಒಟ್ಟಿಗೆ ಆರಂಭಿಸುತ್ತೇವೆ. ಆಂಪಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕೆಡಿಸುತ್ತದೆ, ಜೆಂಟಮೈಸಿನ್ ಆ ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನನ್ನು ತಯಾರಿಸದಂತೆ ತಡೆಯುತ್ತದೆ. ಚುಚ್ಚದೆ ಬಾಯಿಗೇ ಹಾಕಬಾರದೇ ಎಂದು ಬಹಳ ಮಂದಿ ಕೇಳುತ್ತಾರೆ. ಜೆಂಟಮೈಸಿನ್ ಬಾಯಿಗೆ ಹಾಕಿದರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಇಲ್ಲ. ಹೆಚ್ಚು ಕೊಟ್ಟರೆ ಮೂತ್ರಪಿಂಡಕ್ಕೂ ಕಿವಿಗೂ ತೊಂದರೆ. ಆದ್ದರಿಂದಲೇ ಅದನ್ನು ತೂಕ ನೋಡಿ ಅಳೆದು ಕೊಡಬೇಕು.

ಕಲ್ಚರ್‌ನಲ್ಲಿ ಏನೂ ಬೆಳೆಯದೆ ಕೂಸು ಚೆನ್ನಾಗಿದ್ದರೆ ಎರಡು ದಿನಗಳಲ್ಲಿ ಔಷಧ ನಿಲ್ಲಿಸಬಹುದು. ಬೆಳೆದರೆ ಏಳರಿಂದ ಹದಿನಾಲ್ಕು ದಿನ, ಸೋಂಕು ಮೆದುಳಿನ ಪೊರೆಗೆ ತಲುಪಿದ್ದರೆ ಮೂರು ವಾರದವರೆಗೂ ಕೊಡಬೇಕಾಗುತ್ತದೆ. ಮೂರನೆಯ ದಿನ ಕೂಸು ಹಾಲು ಕಚ್ಚಿದ ಕೂಡಲೇ ಮನೆಗೆ ಕಳುಹಿಸಿಬಿಡಿ ಎಂದು ದುಂಬಾಲು ಬೀಳುವ ಬಂಧುಗಳಿಗೆ ನಾನು ಬೇಡವೆಂದೇ ಹೇಳುತ್ತೇನೆ, ಮುಂದೆಯೂ ಹಾಗೆಯೇ ಹೇಳುತ್ತೇನೆ.

ಅಕ್ಕನ ಮಗುವಿಗೆ ಬರೆದುಕೊಟ್ಟು ಉಳಿದ ಸಿರಪ್ಪನ್ನು ಈ ಕೂಸಿಗೆ ಹಾಕುವುದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ತರುವುದು, ಇವೆರಡನ್ನೂ ಬಿಡಬೇಕು. ಆಂಟಿಬಯೋಟಿಕ್‌ಗಳನ್ನು ಹೀಗೆ ಬೇಕಾಬಿಟ್ಟಿ ಕೊಟ್ಟರೆ ಬ್ಯಾಕ್ಟೀರಿಯಾಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ಕೂಸುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ಸಿಕ್ಕ ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 82, ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗಳಲ್ಲಿ ನೂರಕ್ಕೆ 54 ಹಲವು ಬಗೆಯ ಔಷಧಗಳಿಗೆ ಜಗ್ಗದಂತಾಗಿದ್ದವು. ಕೈ ತೊಳೆಯದೆ ಕೂಸನ್ನು ಮುಟ್ಟಬಾರದು, ಇದು ನೋಡಲು ಬರುವ ನೆಂಟರಿಗೂ ನಮ್ಮ ಆಸ್ಪತ್ರೆಗಳ ಸಿಬ್ಬಂದಿಗೂ ಸೇರಿಯೇ ಹೇಳುವ ಮಾತು. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಲಸಿಕೆಗಳ ಬಗ್ಗೆ ಹೇಳಲು ಸಮಯ ಉಳಿದಿಲ್ಲ. ಆರನೆಯ ವಾರದ ಲಸಿಕೆಯನ್ನು ತಪ್ಪಿಸಬೇಡಿ ಎಂದಷ್ಟೇ ಹೇಳುತ್ತೇನೆ.

ಕೂಸು ಹಾಲು ಬಿಟ್ಟಿದೆ, ರಾತ್ರಿಯಾಗಿದೆ, ಅಮಾವಾಸ್ಯೆಯೂ ಹೌದು ಎಂದಿಟ್ಟುಕೊಳ್ಳಿ. ದೃಷ್ಟಿ ತೆಗೆಯುವುದಿದ್ದರೆ ವಾಹನ ಬರುವಷ್ಟರಲ್ಲಿ ತೆಗೆದುಬಿಡಿ, ನನ್ನ ತಕರಾರಿಲ್ಲ. ಬಾಲಗ್ರಹವೆಂದು ಬರೆ ಹಾಕಿಸಲು ಮಾತ್ರ ಯಾರ ಬಳಿಗೂ ಒಯ್ಯಬೇಡಿ. 108ಕ್ಕೆ ಕರೆ ಮಾಡಿ. ಕೂಸಿಗೆ ಟೋಪಿ ಹಾಕಿ, ತಾಯಿಯ ಎದೆಯ ಚರ್ಮಕ್ಕೆ ಅದರ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಕಂಬಳಿ ಹೊದಿಸಿ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ಕರೆತನ್ನಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಹೋಗಿಬರುವ ವಾಹನ ಎಲ್ಲವೂ ಉಚಿತ. ತಾಯಿ ಕಾರ್ಡನ್ನು ಮರೆಯದೆ ತನ್ನಿ, ಹುಟ್ಟಿದಾಗಿನ ತೂಕ ಅದರಲ್ಲಿ ಬರೆದಿರುತ್ತದೆ. ನಮಸ್ಕಾರ.